ಬೋಟಿಗೆ ಮೇ ತಿಂಗಳೇ ಗಂಡಾಂತರ

2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಹರಿದಾಗ ಕಲಬುರಗಿ, ಯಾದಗಿರಿ ಜಿಲ್ಲೆಗಳ ಹಳ್ಳಿಗಳಿಂದ ಜನರನ್ನು ಹೊರಗೆ ತರಲು ರಬ್ಬರ್ ಬೋಟುಗಳೇ ಬೇಕಾದವು. ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಲ್ಲಿ ನೀರು ಬಿಟ್ಟರೆ ಅದು ಸೊನ್ನ ಬ್ಯಾರೇಜ್ ದಾಟಿ ಬರುತ್ತದೆ ಅಂತ ಹೊಳೆ ದಂಡೆಯವರಿಗೆ ಗೊತ್ತು. ಆದರೆ ಅಂಥ ನೆರೆ ಪ್ರತಿ ವರ್ಷ ಬರುವುದಿಲ್ಲ. ಬೇಸಿಗೆ ಮಾತ್ರ ತಪ್ಪದೆ ಬರುತ್ತದೆ. ನಮ್ಮ ಕಡೆ ಬೋಟು ಕೆಡುವುದು ನೀರಿನಿಂದಲ್ಲ, ಬಿಸಿಲಿನಿಂದ. ಅದೂ ಗೋದಾಮಿನಲ್ಲಿ ಸುಮ್ನೆ ಬಿದ್ದಿರುವಾಗ.

ಮೊದಲು ತೇಲುವ ಲೆಕ್ಕ ನೋಡೋಣ. ಮನುಷ್ಯನ ಮೈ ಹೆಚ್ಚುಕಡಿಮೆ ನೀರಿನಷ್ಟೇ ಸಾಂದ್ರ. ಹಾಗಾಗಿ ತಲೆ ನೀರಿನ ಮೇಲಿರಲು ಕೆಲವೇ ಕಿಲೋದಷ್ಟು ಮೇಲೊತ್ತು ಸಾಕು. ಒಂದು ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿದರೆ ಸುಮಾರು ಒಂದು ಕಿಲೋ ಮೇಲೊತ್ತು ಸಿಗುತ್ತದೆ. ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿ ಕೃಷ್ಣೆಯ ನಡುವಿನ ಊರು. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಅಲ್ಲಿನವರು ಒಣ ಸೋರೆಕಾಯಿ ಕಟ್ಟಿಕೊಂಡು ಹೊಳೆ ದಾಟಿದ್ದುಂಟು. ಒಂದೊಂದು ಕಾಯಿಯೂ ಬೇರೆ ಬೇರೆ ಗಾಳಿಗೂಡು. ಒಂದು ಒಡೆದರೆ ಉಳಿದವು ಹಿಡಿದಿರುತ್ತವೆ.

ಸಮುದ್ರದ ಹಡಗುಗಳ ಲೈಫ್ ರಾಫ್ಟಿಗೂ, ಅಂದರೆ ಹಡಗು ಮುಳುಗುವಾಗ ಜನ ಹತ್ತುವ ಉಬ್ಬುವ ತೆಪ್ಪಕ್ಕೂ, ಇದೇ ಲೆಕ್ಕ. ಸೋಲಾಸ್ ಎಂಬ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅದರ ಮುಖ್ಯ ಕೊಳವೆಯಲ್ಲಿ ಕನಿಷ್ಠ ಎರಡು ಪ್ರತ್ಯೇಕ ಕೋಣೆಗಳಿರಬೇಕು. ಒಂದು ಕೈಕೊಟ್ಟರೂ ಇನ್ನೊಂದು ಎಲ್ಲರನ್ನೂ ಹೊರಬೇಕು. ಹಗ್ಗ ಜಗ್ಗಿದರೆ ಸಿಲಿಂಡರಿನ ಕಾರ್ಬನ್ ಡೈಆಕ್ಸೈಡ್ ನುಗ್ಗಿ ಒಂದು ನಿಮಿಷದೊಳಗೆ ರಾಫ್ಟ್ ಉಬ್ಬುತ್ತದೆ. ಜತೆಗೆ ಸ್ವಲ್ಪ ನೈಟ್ರೋಜನ್ ಸೇರಿಸಿರುತ್ತಾರೆ. ಅನಿಲ ಒಮ್ಮೆಲೇ ಹಿಗ್ಗುವಾಗ ವಿಪರೀತ ತಣ್ಣಗಾಗಿ ವಾಲ್ವ್ ಹೆಪ್ಪುಗಟ್ಟಬಾರದಲ್ವಾ! ಇಷ್ಟಾದರೂ ಇದನ್ನು ವರ್ಷಕ್ಕೊಮ್ಮೆ ಸರ್ವಿಸ್ ಕೇಂದ್ರಕ್ಕೆ ಒಯ್ದು ಬಿಚ್ಚಿ ನೋಡಲೇಬೇಕು.

ಈ ರಾಫ್ಟನ್ನು ಭೀಮೆಗೆ ತರಬೇಡಿ. ಅದಕ್ಕೆ ಎಂಜಿನ್ ಇಲ್ಲ. ಸಹಾಯ ಬರುವ ತನಕ ಆದಷ್ಟು ಇದ್ದಲ್ಲೇ ಇರಲಿ ಅಂತ ತಳದಲ್ಲಿ ನೀರು ತುಂಬುವ ಚೀಲಗಳಿರುತ್ತವೆ. ನೆರೆಯ ಸೆಳವಿನಲ್ಲಿ ಅದು ಸೇತುವೆ ಕಂಬಕ್ಕೆ ಹೋಗಿ ಬಡಿಯುತ್ತದೆ. ನಮಗೆ ಬೇಕಾದ್ದು ಮೋಟಾರು ಕೂಡಿಸಬಹುದಾದ, ಗಟ್ಟಿ ತಳದ, ಹಲವು ಕೋಣೆಗಳ ಟ್ಯೂಬ್ ಬೋಟು. ಬಟ್ಟೆ ಪಿವಿಸಿಯದಾದರೆ ಅಗ್ಗ. ಹೈಪಲಾನ್ ಎಂಬ ಕೃತಕ ರಬ್ಬರಿನದು ದುಬಾರಿ, ಆದರೆ ಬಿಸಿಲನ್ನು ಚೆನ್ನಾಗಿ ತಾಳುತ್ತದೆ. ಕಲಬುರಗಿಯ ಬಿಸಿಲಿಗೆ ನಾನು ಹೈಪಲಾನನ್ನೇ ಆರಿಸುತ್ತೇನೆ.

ಬಿಸಿಲಿನ ಆಟ ಹೀಗೆ. ಟ್ಯೂಬಿನೊಳಗೆ ಹೊರಗಿನ ಗಾಳಿಗಿಂತ ಕಾಲು ಬಾರ್ ಒತ್ತಡ ಜಾಸ್ತಿ ಇರುತ್ತದೆ ಅಂದುಕೊಳ್ಳಿ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ಹೊರಗಿನ ಗಾಳಿಯ ಒತ್ತಡದಷ್ಟು). 27 ಡಿಗ್ರಿಯ ಮುಂಜಾನೆ ಅಷ್ಟು ತುಂಬಿ ಬಿಸಿಲಲ್ಲಿ ಬಿಟ್ಟಿರಿ. ಒಳಗಿನ ಗಾಳಿ 60 ಡಿಗ್ರಿಗೆ ಕಾದರೆ ಆ 0.25 ಬಾರ್ ಸುಮಾರು 0.39 ಆಗುತ್ತದೆ. ಅಂಟಿಸಿದ ಜೋಡಣೆಗಳು ಬಾಯಿ ಬಿಡುವುದು ಇಲ್ಲೇ. ತಿರುಗಾಮುರುಗಾ ನೋಡಿ: 45 ಡಿಗ್ರಿಯ ಮಧ್ಯಾಹ್ನ 0.25ಕ್ಕೆ ತುಂಬಿದ ಬೋಟನ್ನು 27 ಡಿಗ್ರಿಯ ಹೊಳೆಗೆ ಇಳಿಸಿದರೆ ಒತ್ತಡ ಸುಮಾರು 0.18ಕ್ಕೆ ಇಳಿಯುತ್ತದೆ. ಎಲ್ಲೂ ತೂತಿಲ್ಲ, ಆದರೂ ಬೋಟು ಮೆತ್ತಗಾಗಿದೆ. ಅದಕ್ಕೇ ನೀರಿಗಿಳಿಸಿದ ಮೇಲೆ ಮತ್ತೊಮ್ಮೆ ಪಂಪ್ ಹೊಡೆಯಬೇಕು. ಸೋರಿಕೆ ಪರೀಕ್ಷೆಯೂ ನೆರಳಲ್ಲೇ ಆಗಬೇಕು. ಇವತ್ತು ಬೆಳಿಗ್ಗೆ ಅಳೆದ ಒತ್ತಡವನ್ನು ನಾಳೆ ಬೆಳಿಗ್ಗೆ ಅದೇ ಹೊತ್ತಿಗೆ ಅಳೆಯಿರಿ. ಬೆಳಿಗ್ಗೆ ಅಳೆದು ಮಧ್ಯಾಹ್ನ ನೋಡಿದರೆ ಬಿಸಿಗೆ ಏರಿದ ಒತ್ತಡ ಸೋರಿಕೆಯನ್ನು ಮರೆಮಾಚಿಬಿಡುತ್ತದೆ. ಅನುಮಾನ ಬಂದಲ್ಲಿ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ತೂತು ಸಿಕ್ಕಿತು.

ತಗಡಿನ ಶೆಡ್ಡು ಬೋಟಿಗೆ ಒಲೆಯೇ ಸರಿ. ಕಲ್ಲಿನ ಗೋಡೆಯ, ಗಾಳಿಯಾಡುವ ಕೋಣೆ ಇದ್ದರೆ ಬೋಟು ಅಲ್ಲಿರಲಿ. ರಾಡಿಯನ್ನು ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸ್ವಲ್ಪ ಗಾಳಿ ಉಳಿಸಿ ನೆಲದಿಂದ ಮೇಲೆ ಇಡಿ. ಮಡಚಲೇಬೇಕಾದರೆ ಪ್ರತಿ ಸಲ ಬೇರೆ ಕಡೆ ಮಡಚಿ, ಒಂದೇ ಮಡಿಕೆಯಲ್ಲಿ ಬಟ್ಟೆ ಬಿರಿಯುತ್ತದೆ. ಪೆಟ್ರೋಲ್ ಡಬ್ಬಿ ಹತ್ತಿರ ಬೇಡ. ಇಲಿಗಳನ್ನು ಮರೆಯಬೇಡಿ.

ತಾನಾಗಿ ಉಬ್ಬುವ ಲೈಫ್ ಜಾಕೆಟ್‌ನಲ್ಲಿ ಸಣ್ಣ ಸಿಲಿಂಡರ್ ಇರುತ್ತದೆ. ದೊಡ್ಡವರ ಜಾಕೆಟ್‌ಗಳಲ್ಲಿ ಹೆಚ್ಚಾಗಿ 33 ಗ್ರಾಂ ಅನಿಲ. ಅದು ಹಿಗ್ಗಿದರೆ ಸುಮಾರು 18 ಲೀಟರ್, ಅಂದರೆ 18 ಕಿಲೋದಷ್ಟು ಮೇಲೊತ್ತು. ಸಿಲಿಂಡರಿನ ಮೇಲೆ ಕೊರೆದಿರುವ ತೂಕವನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ಹೋಲಿಸಿ ನೋಡಬಹುದು. ತೂಕ ಕಡಿಮೆ ಬಂದರೆ ಅನಿಲ ಸೋರಿದೆ, ಸಿಲಿಂಡರ್ ಬದಲಿಸಿ. ಇಷ್ಟೆಲ್ಲ ನೋಡಿಕೊಳ್ಳುವವರಿಲ್ಲದ ಪಂಚಾಯಿತಿಗೆ ಫೋಮ್ ಜಾಕೆಟ್ಟೇ ಒಳ್ಳೆಯದು. ಅದರ ಮೇಲೆ ಮೂಟೆ ಹೇರಬಾರದು, ದಿಂಬಿನ ಹಾಗೆ ಕೂರಬಾರದು. ಒತ್ತಿ ಬಿಟ್ಟಾಗ ಉಬ್ಬಿ ಬರದ ಫೋಮನ್ನು ತೆಗೆದುಹಾಕಿ. ಮಕ್ಕಳಿಗೆ ಮಕ್ಕಳ ಅಳತೆಯದ್ದನ್ನೇ ತನ್ನಿ, ಕಾಲುಗಳ ನಡುವೆ ಹಾಯುವ ಪಟ್ಟಿ ಇದೆಯಾ ನೋಡಿ. ಪಟ್ಟಿ ಇಲ್ಲದಿದ್ದರೆ ಜಾಕೆಟ್ ಮೇಲಕ್ಕೆ ಜಾರುತ್ತದೆ, ಮಗು ಕೆಳಗೆ ಜಾರುತ್ತದೆ.