ಉಬ್ಬಿದ ಗೋಡೆಗೆ ಬಣ್ಣ ಹೊಡೆಸುವ ಮುನ್ನ

ಹೊಸ ಫ್ಲ್ಯಾಟಿನ ಗೋಡೆ ತೇವ ಹಿಡಿದಿದೆ ಎಂದು ನನ್ನನ್ನು ಕರೆಯುವವರಲ್ಲಿ ಹೆಚ್ಚಿನವರು ಅದಕ್ಕೂ ಮೊದಲೇ ಪೇಂಟರನ್ನು ಕರೆದಿರುತ್ತಾರೆ. ಕಟ್ಟಡಗಳ ದೋಷ ಹುಡುಕುವ ಸಿವಿಲ್ ಎಂಜಿನಿಯರ್ ಆದ ನನಗೆ ಇದರಷ್ಟು ಸಂಕಟ ತರುವ ಸಂಗತಿ ಮತ್ತೊಂದಿಲ್ಲ.

ಬೆಂಗಳೂರಿನ ಒಬ್ಬ ನಿವೃತ್ತ ಮೇಷ್ಟರ ಮನೆಯಲ್ಲಿ ಗೃಹಪ್ರವೇಶಕ್ಕೆ ಎಂಟು ದಿನವಿರುವಾಗ ಮಲಗುವ ಕೋಣೆಯ ಗೋಡೆಯ ಬುಡ ಉಬ್ಬಿತು. ನೆಂಟರ ಕಣ್ಣಿಗೆ ಬೀಳಬಾರದೆಂದು ಪುಟ್ಟಿ ಹಚ್ಚಿಸಿ ಬಣ್ಣ ಹೊಡೆಸಿದರು. ಮರುವರ್ಷ ಮತ್ತೆ, ಅದರಾಚೆ ಇನ್ನೊಮ್ಮೆ. ‘ಬಿಲ್ಡರ್‌ಗೆ ಆಗಲೇ ಫೋನಿನಲ್ಲಿ ಹೇಳಿದ್ದೆವಲ್ಲ ಸಾರ್’ ಎಂದರು ಮೇಷ್ಟರು. ಕೊನೆಗೆ ಬಿಲ್ಡರ್ ಕಡೆಯವರು ಬಂದು, ‘ಈ ಗೋಡೆಯಲ್ಲಿ ನಮ್ಮ ಕೆಲಸ ಎಲ್ಲಿ ಉಳಿದಿದೆ?’ ಎಂದು ಕೇಳಿದಾಗ ತೋರಿಸಲು ಒಂದು ಫೋಟೊ ಕೂಡ ಇರಲಿಲ್ಲ.

2016ರ ರಿಯಲ್ ಎಸ್ಟೇಟ್ ಕಾಯ್ದೆಯ, ಅಂದರೆ ರೇರಾದ, 14ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯ ಅಥವಾ ಕಾಮಗಾರಿಯ ದೋಷವನ್ನು ಬಿಲ್ಡರ್ ಗಮನಕ್ಕೆ ತಂದರೆ, ಆತ 30 ದಿನದಲ್ಲಿ ಹೆಚ್ಚಿನ ಹಣ ಕೇಳದೆ ಸರಿಪಡಿಸಬೇಕು. ತಪ್ಪಿದರೆ ಪರಿಹಾರ ಕೊಡಬೇಕು. ಲೆಕ್ಕ ಶುರುವಾಗುವುದು ಸ್ವಾಧೀನದ ದಿನದಿಂದ, ನೀವು ದೋಷ ಕಂಡ ದಿನದಿಂದಲ್ಲ. ಇನ್ನು, ‘ಗಮನಕ್ಕೆ ತರುವುದು’ ಎಂದರೆ ಸೈಟ್ ಎಂಜಿನಿಯರ್‌ಗೆ ಲಿಫ್ಟಿನಲ್ಲಿ ಹೇಳುವುದಲ್ಲ. ಅವರು ನಾಳೆ ಕೆಲಸ ಬಿಟ್ಟರೆ ನಿಮ್ಮ ಮಾತೂ ಅವರೊಂದಿಗೇ ಹೋಯಿತು. ಒಪ್ಪಂದದಲ್ಲಿರುವ ವಿಳಾಸಕ್ಕೆ ಇಮೇಲ್ ಮಾಡಿ, ಸ್ಪೀಡ್ ಪೋಸ್ಟನ್ನೂ ಕಳುಹಿಸಿ. ಯಾವ ಕೋಣೆ, ಯಾವ ಗೋಡೆ, ಎಂದಿನಿಂದ ಎಂದು ಬರೆಯಿರಿ. ದಿನಾಂಕವಿರುವ ಫೋಟೊ ಲಗತ್ತಿಸಿ. ಆಮೇಲೆ ಗೋಡೆಯನ್ನು ಹಾಗೆಯೇ ಬಿಡಿ.

ಹಾಗೆಯೇ ಬಿಡಿ ಎನ್ನಲು ಇನ್ನೊಂದು ಕಾರಣವಿದೆ. ಸಾಮಾನ್ಯವಾಗಿ, ಸದಾ ಒದ್ದೆಯಿದ್ದರೆ ನೀರು ಬರುವ ಪೈಪಿನ ಮೇಲೆ ಅನುಮಾನ. ಸ್ನಾನದ ನಂತರ ಹೆಚ್ಚಿದರೆ ಬಚ್ಚಲಿನ ನೆಲ ಅಥವಾ ನಹಾನಿ ಟ್ರ್ಯಾಪ್, ಅಂದರೆ ನೀರು ಹರಿದುಹೋಗುವ ನೆಲದ ಕಿಂಡಿ. ಮಳೆಯ ನಂತರವಾದರೆ ಹೊರಗೋಡೆ. ಬಣ್ಣ ಬಿದ್ದರೆ ಈ ಗುರುತು ಅಳಿಸಿಹೋಗುತ್ತದೆ, ಆಮೇಲೆ ನಾನು ಟೈಲ್ಸ್ ಒಡೆಸಿಯೇ ಹುಡುಕಬೇಕಾಗುತ್ತದೆ. ಬಿರುಕಾದರೆ ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೀಟು ಎಳೆದು ದಿನಾಂಕ ಹಾಕಿ. ಬೆಳೆಯುತ್ತಿದೆಯೇ ಎಂಬುದು ತಿಂಗಳುಗಳಲ್ಲಿ ತಿಳಿಯುತ್ತದೆ. ಸ್ವಿಚ್‌ಬೋರ್ಡಿಗೆ ನೀರು ಹತ್ತಿದ್ದರೆ ಮಾತ್ರ ಕಾಯಬೇಡಿ. ಮೇನ್ ಆಫ್ ಮಾಡಿ, ಫೋಟೊ ತೆಗೆದು, ಅಂದೇ ರಿಪೇರಿ ಮಾಡಿಸಿ.

ಹಳೆಯ ಮನೆ ಕೊಂಡವರ ದಾರಿ ಬೇರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಡಿ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ, ತನಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವರು ಹೇಳಬೇಕು. ಅವರಿಗೆ ಗೊತ್ತಿತ್ತೆಂದು ತೋರಿಸುವುದು ಕಷ್ಟ. ಅದನ್ನು ವಕೀಲರ ಬಳಿಯೇ ಕೇಳಿ.

ಮೇಷ್ಟರ ಕಡತದಲ್ಲಿ ಸ್ವಾಧೀನ ಪತ್ರ ಸಿಕ್ಕಿತು. ಐದು ವರ್ಷ ತುಂಬಲು ನಾಲ್ಕು ತಿಂಗಳಿತ್ತು. ಬಣ್ಣ ಕೆರೆಸಿ, ನಹಾನಿ ಟ್ರ್ಯಾಪ್ ಮುಚ್ಚಿ, ಬಚ್ಚಲಿನಲ್ಲಿ ಒಂದು ದಿನ ನೀರು ನಿಲ್ಲಿಸಿದೆವು. ಮರುದಿನ ಆಚೆಯ ಗೋಡೆಯ ಬುಡದಲ್ಲಿ ಒದ್ದೆ ಮೂಡಿತು. ಅಂದು ಸಂಜೆಯೇ ಅವರ ಪತ್ನಿ ತಮ್ಮ ದುಂಡನೆಯ ಅಕ್ಷರಗಳಲ್ಲಿ ಪತ್ರ ಬರೆದರು; ಅಂಚೆಯ ರಸೀದಿಯನ್ನು ಕ್ರಯಪತ್ರದ ಜೊತೆಗೇ ಇಟ್ಟರು.