‘ಪರವಾನಗಿ ಇದೆ’ ಅಂದ್ರೆ ಯಾವುದು ಇದೆ?

ಮೊನ್ನೆ ಶಿವಮೊಗ್ಗದಲ್ಲಿ ಒಂದು ಹೊಸ ಫುಡ್ ಟ್ರಕ್ ಮುಂದೆ ನೀರ್ದೋಸೆಗೆ ಕಾಯ್ತಾ ನಿಂತಿದ್ದೆ, ಗಾಡಿ ಮೈಮೇಲೆ ‘ಸರ್ಕಾರಿ ಪರವಾನಗಿ ಪಡೆದಿದೆ’ ಅಂತ ದಪ್ಪಕ್ಷರದಲ್ಲಿ ಬರೆಸಿ ಕೆಳಗೆ ಎಫ್‌ಎಸ್‌ಎಸ್‌ಎಐದು (ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರ ಸಂಸ್ಥೆ) 14 ಅಂಕಿ ನಂಬರ್ ಹಾಕಿದ್ರು. ಮೊದಲನೇ ಅಂಕಿ 2. ಅಂದ್ರೆ ಅದು ಪರವಾನಗಿ ಅಲ್ಲ ಕಣ್ರೀ, ನೋಂದಣಿ. ಪರವಾನಗಿ ಆಗಿದ್ರೆ ನಂಬರ್ 1ರಿಂದ ಶುರು ಆಗ್ತಿತ್ತು. ಇದನ್ನ ನೋಡಿ ನೋಡಿ ಸಾಕಾಗಿದೆ, ಅದಕ್ಕೇ ಬರೀತಿದೀನಿ.

ಪರವಾನಗಿ ನಮಗೆ ಪಾರ್ಸಿಯಿಂದ ಬಂದ ಪದ. ಅಲ್ಲಿ ‘ಪರ್ವಾನಾ’ ಅಂದ್ರೆ ಬರಹದಲ್ಲಿ ಕೊಟ್ಟ ಅಪ್ಪಣೆ, ಹುಕುಂ ಪತ್ರ ಅಂತಾರಲ್ಲ ಅದು, ಅದರಿಂದ ಪರವಾನಗಿ. ಮರಾಠಿಯವರೂ ಹೀಗೇ ಅಂತಾರೆ. ಅರ್ಜಿ, ದಫ್ತರ, ತಹಶೀಲ್ದಾರ ಇವೆಲ್ಲ ಆಡಳಿತದ ಜೊತೆ ಬಂದ ಹಾಗೇ ಇದೂ ಬಂತು. ಕೆಲವರು ಇದನ್ನ ‘ಪರವಾಗಿಲ್ಲ’ದ ಜೊತೆ ಗಂಟು ಹಾಕ್ತಾರೆ, ಅಲ್ಲಿರೋದು ‘ಪರ್ವಾ’, ಅಂದ್ರೆ ಚಿಂತೆ, ಲಕ್ಷ್ಯ, ಅರ್ಥವೇ ಬೇರೆ. ‘ಪರವಾನಿಗೆ’ ಅಂತ ಬರೆಯೋರೂ ಇದಾರೆ, ಬರೀಲಿ, ನನ್ನ ತಕರಾರು ಕಾಗುಣಿತದ್ದಲ್ಲ. ಅಪ್ಪಣೆ ಅಂದಮೇಲೆ ಕೊಟ್ಟೋರು ಯಾರು, ಯಾವುದಕ್ಕೆ ಕೊಟ್ಟಿದ್ದು ಅನ್ನೋ ಎರಡೂ ಅದರೊಳಗೇ ಇರುತ್ತೆ, ನಾವು ಅವೆರಡನ್ನೂ ಬಿಟ್ಟು ಬರೀ ‘ಪರವಾನಗಿ ಇದೆ’ ಅಂತೀವಿ. ಡಿಎಲ್ ಇದೆ ಅಂತ ಕಾರನ್ನ ಬಸ್ ಸ್ಟ್ಯಾಂಡ್ ಒಳಗೆ ನಿಲ್ಲಿಸಕ್ಕಾಗುತ್ತಾ?

ನೋಂದಣಿ ಅಂದ್ರೆ ಹೆಸರು ದಾಖಲೆಗೆ ಸೇರಿಸೋದು. ಆಹಾರ ಸುರಕ್ಷತಾ ಕಾಯ್ದೆ 2006ರದ್ದು, ಅದರ ಕೆಳಗೆ 2011ರಲ್ಲಿ ನಿಯಮ ಬಂದಾಗ ವರ್ಷಕ್ಕೆ 12 ಲಕ್ಷದವರೆಗಿನ ವಹಿವಾಟಿನ ಸಣ್ಣವರಿಗೆ ನೋಂದಣಿ, ಮೇಲಿನವರಿಗೆ ಪರವಾನಗಿ ಅಂತ ಗೆರೆ ಎಳೆದ್ರು. ಎರಡೂ ಊಟ ತಿಂಡಿಯ ಸುರಕ್ಷತೆಗೆ ಸಂಬಂಧಪಟ್ಟಿದ್ದು, ಗಾಡಿ ಎಲ್ಲಿ ನಿಲ್ಲಬೇಕು ಅನ್ನೋದಕ್ಕಲ್ಲ.

ನನ್ನ ಪರಿಚಯದ ಹುಡುಗನೊಬ್ಬ ಇದು ಗೊತ್ತಿಲ್ಲದೇ ಕೆಟ್ಟ. ಸೆಕೆಂಡ್ ಹ್ಯಾಂಡ್ ಗೂಡ್ಸ್ ಗಾಡಿ ತಗೊಂಡು, ಪಕ್ಕದ ತಗಡು ಕೊಯ್ಸಿ ಕಿಟಕಿ ಇಡ್ಸಿ, ಒಲೆ ಕೂರಿಸಿ ರಸ್ತೆ ಮೂಲೇಲಿ ಶುರು ಮಾಡ್ದ. ಮೂರನೇ ದಿನ ಸಂಜೆ ಅಧಿಕಾರಿಗಳು ಬಂದು ಗಾಡಿ ಎತ್ತು ಅಂದ್ರು. ಲ್ಯಾಮಿನೇಷನ್ ಮಾಡಿಸಿದ್ದ ಎಫ್‌ಎಸ್‌ಎಸ್‌ಎಐ ಹಾಳೆ ತೋರಿಸಿದ, ಬಂದೋರು ಪೂರ್ತಿ ಓದಿ ‘ಇದು ಅಡುಗೇದಪ್ಪ, ಜಾಗದ್ದೆಲ್ಲಿ?’ ಅಂದ್ರು. ಎರಡು ಕೊಳಗ ಹಿಟ್ಟು ರುಬ್ಬಿಟ್ಟಿದ್ದ, ಅಷ್ಟೂ ಹುಳಿ ಬಂತು.

ಜಾಗದ್ದು 2014ರ ಬೀದಿ ವ್ಯಾಪಾರಿಗಳ ಕಾಯ್ದೆಗೆ ಬರುತ್ತೆ. ಅದರಲ್ಲಿ ಸಿಗೋದರ ಹೆಸರು ವ್ಯಾಪಾರ ಪ್ರಮಾಣಪತ್ರ, ಅದನ್ನ ನೋಡ್ಕೊಳ್ಳೋದು ಪಟ್ಟಣ ವ್ಯಾಪಾರ ಸಮಿತಿ, ಆ ಸಮಿತೀಲಿ ಕನಿಷ್ಠ ಶೇಕಡ 40 ಜನ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು ಅಂತ ಕಾಯ್ದೇಲೇ ಇದೆ. ಇದು ಬೀದಿಯವರಿಗೆ ಸಿಕ್ಕಿರೋ ದೊಡ್ಡ ಹಕ್ಕು, ಇದರ ಹೆಸರೇ ಗೊತ್ತಿಲ್ಲದೇ ಎಲ್ಲದಕ್ಕೂ ‘ಲೈಸೆನ್ಸ್’ ಅಂತಿದ್ರೆ ಕೇಳೋದಾದ್ರೂ ಏನನ್ನ?

ಇನ್ನು ಉದ್ದಿಮೆ ಪರವಾನಗಿ, ಜನ ಟ್ರೇಡ್ ಲೈಸೆನ್ಸ್ ಅನ್ನೋದು. ಇದು ನಿಜವಾಗಲೂ ಪರವಾನಗಿ, ಕೊಡೋದು ಸ್ಥಳೀಯ ಸಂಸ್ಥೆ. ಶಿವಮೊಗ್ಗಕ್ಕೆ ಮಹಾನಗರ ಪಾಲಿಕೆ, ಸಾಗರಕ್ಕೆ ಅಲ್ಲಿನ ನಗರಸಭೆ, ಹಳ್ಳಿಗೆ ಗ್ರಾಮ ಪಂಚಾಯ್ತಿ. ಮಳೆಗಾಲದಲ್ಲಿ ಜೋಗದ ಹತ್ರ ಜನ ಜಾಸ್ತಿ ಅಂತ ಗಾಡಿ ಆ ಕಡೆ ಹೊಡೆದ್ರೆ ಶಿವಮೊಗ್ಗದ ಪಾಲಿಕೆ ಕಾಗದ ಅಲ್ಲಿ ನಡೆಯಲ್ಲ.

ಗಾಡೀದು ಆರ್‌ಟಿಒ ಲೆಕ್ಕ. ಅಲ್ಲಿ ಪರ್ಮಿಟ್‌ಗೆ ಕನ್ನಡದಲ್ಲಿ ‘ರಹದಾರಿ’ ಅಂತಾರೆ, ಎಷ್ಟು ಚಂದದ ಪದ ನೋಡಿ, ‘ರಾಹ್’ ಅಂದ್ರೆ ದಾರಿ. ಓಡೋದಕ್ಕೆ ರಹದಾರಿ, ನಿಲ್ಲೋದಕ್ಕಲ್ಲ. ಹುಡುಗನ ಥರ ತಗಡು ಕೊಯ್ಸಿ ಗಾಡಿ ಮೈ ಬದಲಾಯಿಸಿದ್ರೆ 1988ರ ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಅದು ಆರ್‌ಸಿಗೂ ಹತ್ತಬೇಕು.

‘ಎಲ್ಲಾ ಲೈಸೆನ್ಸ್ ಮಾಡಿಸಿಕೊಡ್ತೀವಿ’ ಅಂತ ಯಾರಾದ್ರೂ ದುಡ್ಡು ಕೇಳಿದ್ರೆ ಯಾವ ಕಚೇರಿದು, ಕಾಗದದ ತಲೆ ಮೇಲೆ ಏನಂತ ಇರುತ್ತೆ ಅಂತ ಒಂದೊಂದೇ ಹೆಸರು ಹೇಳಿಸಿ. ಮತ್ತೆ ಗಾಡಿ ಮೇಲೆ ಬರೆಸುವಾಗ 2ರಿಂದ ಶುರುವಾಗೋ ನಂಬರ್ ಮುಂದೆ ‘ನೋಂದಣಿ ಸಂಖ್ಯೆ’ ಅಂತ ಬರೆಸಿ, ಪೇಂಟರ್‌ಗೆ ಅಕ್ಷರವೂ ಕಮ್ಮಿ.