ಆ ದಿನ ಊಟ ಎಲ್ಲಿತ್ತು? ಲೀ ಹಿಮ್ಮೆಟ್ಟಿದ ದಾರಿಯ ಫಲಕಗಳನ್ನು ಓದುವ ಬಗೆ

ಅಮೆರಿಕದ ಅಂತರ್ಯುದ್ಧದ ಕೊನೇ ವಾರ ಅಂದರೆ ನನಗೆ ಬಹಳ ಕಾಲ ಬರೀ ಹೆಸರುಗಳ ಸಾಲು: ಪೀಟರ್ಸ್‌ಬರ್ಗ್, ಅಮೀಲಿಯಾ, ಸೇಲರ್ಸ್ ಕ್ರೀಕ್, ಫಾರ್ಮ್‌ವಿಲ್, ಅಪೊಮ್ಯಾಟಕ್ಸ್. ಒಂದೊಂದಕ್ಕೂ ಏಪ್ರಿಲ್ 1865ರ ಒಂದೊಂದು ತಾರೀಖು. ಪರೀಕ್ಷೆಗೆಂದು ರಾತ್ರಿ ಉರು ಹೊಡೆದದ್ದು ಬೆಳಗಾಗುವಷ್ಟರಲ್ಲಿ ಮಾಯ. ದಕ್ಷಿಣದ (ಅಮೆರಿಕದಿಂದ ಬೇರ್ಪಟ್ಟ ರಾಜ್ಯಗಳ) ಸೇನಾಪತಿ ರಾಬರ್ಟ್ ಲೀ ಹಿಮ್ಮೆಟ್ಟಿದ ದಾರಿಯಲ್ಲಿರುವ ವರ್ಜೀನಿಯಾದ ರಸ್ತೆಬದಿಯ ಫಲಕಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿಕೊಂಡು ಓದಿದ ಮೇಲೆ ಒಂದು ಎಳೆ ಸಿಕ್ಕಿತು. ಪ್ರತಿ ಫಲಕಕ್ಕೂ ಒಂದೇ ಪ್ರಶ್ನೆ ಹಾಕಿ: ಆ ದಿನ ಲೀಯ ಸೈನಿಕರ ಊಟ ಎಲ್ಲಿತ್ತು?

ಮೊದಲು ಫಲಕಗಳ ವಿಷಯ. ಇಲ್ಲಿ ಎರಡು ಬಗೆ ಇವೆ, ಬೆರೆಸಬೇಡಿ. ಒಂದು, ರಾಜ್ಯ ಸರ್ಕಾರ 1927ರಿಂದ ಹೆದ್ದಾರಿ ಬದಿಯಲ್ಲಿ ನೆಡುತ್ತಾ ಬಂದ ಲೋಹದ ಫಲಕ. ತಲೆಯ ಮೇಲೆ ರಾಜ್ಯದ ಮುದ್ರೆ, ಜೊತೆಗೊಂದು ಅಕ್ಷರ-ಅಂಕಿ. ಹಳೆಯವುಗಳಲ್ಲಿ ಆ ಅಕ್ಷರ ಹೆದ್ದಾರಿಯ ಗುರುತು. ಒಕ್ಕಣೆ ನಾಲ್ಕೈದು ಸಾಲು ಮಾತ್ರ, ಏಕೆಂದರೆ ಓಡುವ ಕಾರಿನಿಂದಲೇ ಓದಿಸುವ ಉದ್ದೇಶ. ಹಾಗಾಗಿ ಕಾರಣಗಳಿಗೆ ಅಲ್ಲಿ ಜಾಗವಿಲ್ಲ. ಇನ್ನೊಂದು, 1990ರ ದಶಕದಲ್ಲಿ ಬಂದ ‘ಸಿವಿಲ್ ವಾರ್ ಟ್ರೇಲ್ಸ್’ ಫಲಕ. ಕಹಳೆ ಚಿತ್ರದ ದಾರಿಸೂಚಿ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತದೆ, ಇಳಿದು ನಿಂತು ಓದಬೇಕು, ನಕ್ಷೆ-ಚಿತ್ರ ಇರುತ್ತವೆ. ನಕಾಶೆಗೆ ಇದು, ತಾರೀಖಿಗೆ ಅದು ಅಂತ ನಾನು ಇಟ್ಟುಕೊಂಡಿದ್ದೇನೆ.

ಇನ್ನು ಹಿನ್ನೆಲೆ. ಉತ್ತರದವರ ಒಂಬತ್ತು ತಿಂಗಳ ಮುತ್ತಿಗೆಯ ಕೊನೆಗೆ ರಕ್ಷಣಾ ಸಾಲು ಮುರಿದು, ಏಪ್ರಿಲ್ 2ರ ರಾತ್ರಿ ಲೀ ಪೀಟರ್ಸ್‌ಬರ್ಗ್ ಮತ್ತು ದಕ್ಷಿಣದ ರಾಜಧಾನಿ ರಿಚ್ಮಂಡ್ ಎರಡನ್ನೂ ಬಿಟ್ಟು ಹೊರಟ. ರೈಲು ಹಳಿ ಹಿಡಿದು ಡ್ಯಾನ್‌ವಿಲ್ ಕಡೆ ಇಳಿದು, ನಾರ್ತ್ ಕ್ಯಾರೊಲೈನಾದಲ್ಲಿದ್ದ, ದಕ್ಷಿಣದವನೇ ಆದ ಜನರಲ್ ಜಾನ್‌ಸ್ಟನ್‌ನ ಸೇನೆ ಸೇರುವುದು ಲೆಕ್ಕಾಚಾರ. ಬೆನ್ನ ಹಿಂದೆ ಉತ್ತರದ ಸೇನಾಪತಿ ಗ್ರಾಂಟ್.

ಅಮೀಲಿಯಾ ಕೋರ್ಟ್ ಹೌಸ್, ಏಪ್ರಿಲ್ 4. ಹಸಿದು ಬಂದ ಸೈನ್ಯಕ್ಕೆ ಅಲ್ಲಿ ಸಿಕ್ಕಿದ್ದು ಮದ್ದುಗುಂಡು, ಹಿಟ್ಟಲ್ಲ. ಸುತ್ತಲಿನ ರೈತರಿಗೆ ಲೀ ಮನವಿ ಹೊರಡಿಸಿ ಗಾಡಿ ಕಳಿಸಿದ. ಅವು ಹೆಚ್ಚುಕಡಿಮೆ ಖಾಲಿಯಾಗಿ ಬಂದವು. ಹೀಗೆ ಒಂದು ದಿನ ಹೋಯಿತು. ಇಲ್ಲಿ ಸ್ವಲ್ಪ ನಿಲ್ಲಿ. ‘ಊಟ ಬರಲಿಲ್ಲ, ಅದಕ್ಕೇ ತಡ’ ಎಂದು ಬರೆದು ಮುಗಿಸಿದರೆ ಉತ್ತರ ಅರ್ಧ. ರಿಚ್ಮಂಡ್ ಕಡೆಯಿಂದ ಬರುತ್ತಿದ್ದ ಲೀಯ ಜನರಲ್ ಯೂವೆಲ್‌ನ ತುಕಡಿ ನದಿ ದಾಟಲು ಬೇಕಿದ್ದ ತೇಲುಸೇತುವೆ ಬಾರದೆ, ರೈಲು ಸೇತುವೆ ಮೇಲೆ ದಾಟಿ ತಡವಾಗಿ ಬಂತು. ಊಟ ಇದ್ದಿದ್ದರೂ ಲೀ ಕಾಯಲೇಬೇಕಿತ್ತು. ನನ್ನ ಮಟ್ಟಿಗೆ ಇಡೀ ವಾರದ ಕೀಲಿ ಈ ಒಂದು ದಿನದಲ್ಲಿದೆ: ಏಪ್ರಿಲ್ 5ರಂದು ಹೊರಟರೆ ಮುಂದಿನ ಜೆಟರ್ಸ್‌ವಿಲ್‌ನಲ್ಲಿ ಉತ್ತರದ ಪಡೆ ಆಗಲೇ ರೈಲು ದಾರಿಗೆ ಅಡ್ಡ ಕೂತಿತ್ತು. ಸೈನ್ಯ ಪಶ್ಚಿಮಕ್ಕೆ ತಿರುಗಿತು, ಫಾರ್ಮ್‌ವಿಲ್‌ನಲ್ಲಿ ಊಟ ಸಿಗುತ್ತದೆಂದು.

ಆ ದಾರಿಯಲ್ಲೇ ಏಪ್ರಿಲ್ 6ರ ಸೇಲರ್ಸ್ ಕ್ರೀಕ್. ಒಂದೇ ದಿನ ಮೂರು ಬೇರೆ ಬೇರೆ ಕದನ; ಸುಮಾರು 7,700 ಜನ ಲೀ ಕೈತಪ್ಪಿದರು, ಹೆಚ್ಚಿನವರು ಸೆರೆ. ಸೆರೆಯಾದ ಎಂಟು ಜನರಲ್‌ಗಳಲ್ಲಿ ಲೀಯ ಮಗನೂ ಒಬ್ಬ. ಈ ಹಳ್ಳದ ಹೆಸರಿನ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ. ಬೇರೆ ಬೇರೆ ಊರೆಂದುಕೊಂಡು ನಾನು ಎರಡು ಕಡೆ ಟಿಪ್ಪಣಿ ಬರೆದಿದ್ದೆ!

ಮರುದಿನ ಫಾರ್ಮ್‌ವಿಲ್‌ನಲ್ಲಿ ರೈಲಿನಲ್ಲಿ ಊಟ ನಿಜಕ್ಕೂ ಇತ್ತು. ಕೆಲವರಿಗೆ ಹಂಚಿಯೂ ಆಯಿತು. ಕೆಡಿಸಿದ್ದು ಊರಿನ ಪೂರ್ವಕ್ಕಿದ್ದ ಹೈ ಬ್ರಿಜ್: ಸುಮಾರು 2,400 ಅಡಿ ಉದ್ದ, 125 ಅಡಿ ಎತ್ತರದ ರೈಲು ಸೇತುವೆ, ಅದರ ಕೆಳಗೊಂದು ಸಾಧಾರಣ ಗಾಡಿ ಸೇತುವೆ. ಹಿಮ್ಮೆಟ್ಟುವವರು ಎರಡಕ್ಕೂ ಬೆಂಕಿ ಇಟ್ಟರು. ದೊಡ್ಡದರ ಕೆಲವು ಕಮಾನುಗಳು ಸುಟ್ಟವು. ಬೆನ್ನಟ್ಟಿ ಬಂದ ಉತ್ತರದ ಸೈನಿಕರು ಚಿಕ್ಕದರ ಬೆಂಕಿಯನ್ನು ಆರಿಸಿಬಿಟ್ಟರು. ಶತ್ರು ಹೊಳೆ ದಾಟಿದ ಸುದ್ದಿ ಬರುತ್ತಲೇ ಊಟದ ರೈಲು ಪಶ್ಚಿಮಕ್ಕೆ ಹೋಯಿತು. ಎಲ್ಲರೂ ಫೋಟೊ ತೆಗೆಯುವುದು ದೊಡ್ಡ ಸೇತುವೆಯದ್ದನ್ನೇ, ಕಥೆ ತಿರುಗಿದ್ದು ಕೆಳಗಿನದರಲ್ಲಿ. ಆ ಸಂಜೆಯೇ ಗ್ರಾಂಟ್ ಶರಣಾಗತಿ ಕೇಳಿ ಮೊದಲ ಪತ್ರ ಬರೆದ.

ಏಪ್ರಿಲ್ 8: ಅಪೊಮ್ಯಾಟಕ್ಸ್ ಸ್ಟೇಷನ್ನಿನಲ್ಲಿ ಕಾದಿದ್ದ ಸಾಮಗ್ರಿ ರೈಲುಗಳನ್ನು ಉತ್ತರದ ಜನರಲ್ ಕಸ್ಟರ್‌ನ ಕುದುರೆ ಸವಾರರು ಹಿಡಿದರು. 9ರಂದು ಶರಣಾಗತಿ. ಲೀಯ ಸುಮಾರು 28,000 ಜನರನ್ನು ಪೆರೋಲ್ (ಮತ್ತೆ ಯುದ್ಧಕ್ಕಿಳಿಯುವುದಿಲ್ಲ ಎಂಬ ಮಾತು) ಮೇಲೆ ಮನೆಗೆ ಬಿಟ್ಟರು; ಗ್ರಾಂಟ್ 25,000 ಜನರ ರೇಷನ್ ಕೊಡಿಸಿದ. ಆ ಬೆಳಗ್ಗೆ ಲೀಯ ದಾರಿ ಕಟ್ಟಿ ನಿಂತವರಲ್ಲಿ ಕಪ್ಪು ಸೈನಿಕರ ರೆಜಿಮೆಂಟುಗಳೂ ಇದ್ದವು. ಪರೀಕ್ಷೆಯಲ್ಲಿ ಉತ್ತರ ಬರೆಯುವಾಗ ಇದನ್ನು ಬಿಡಬೇಡಿ.

ನಮ್ಮ ಕಡೆಗೂ ಇದರ ಬಿಸಿ ತಟ್ಟಿತ್ತು. ದಕ್ಷಿಣದ ಹತ್ತಿ ಬರುವುದು ನಿಂತಾಗ ಬ್ರಿಟನ್ನಿನ ಗಿರಣಿಗಳಿಗೆ ‘ಧಾರವಾಡ-ಅಮೆರಿಕನ್’ ತಳಿಯ ಹತ್ತಿಯೂ ಬೇಕಾಯಿತು, ಬೆಲೆ ಗಗನಕ್ಕೇರಿತು. ಯುದ್ಧ ಮುಗಿದದ್ದೇ ಬೆಲೆ ಬಿದ್ದು, 1865ರಲ್ಲೇ ಬೊಂಬಾಯಿಯ ಪೇಟೆ ಕುಸಿಯಿತು.

ಒಂದು ಮಾಮೂಲಿ ತಪ್ಪು: ‘ಕೋರ್ಟ್ ಹೌಸ್‌ನಲ್ಲಿ ಶರಣಾಗತಿ’ ಅಂದರೆ ನ್ಯಾಯಾಲಯದ ಕಟ್ಟಡದಲ್ಲಿ ಅಲ್ಲ. ‘ಅಪೊಮ್ಯಾಟಕ್ಸ್ ಕೋರ್ಟ್ ಹೌಸ್’ ಎಂಬುದು ಹಳ್ಳಿಯ ಹೆಸರು. ಸಹಿ ಬಿದ್ದದ್ದು ವಿಲ್ಮರ್ ಮೆಕ್ಲೀನ್ ಎಂಬಾತನ ಮನೆಯ ಪಡಸಾಲೆಯಲ್ಲಿ. ಆ ಮನೆಯನ್ನು ವಾಷಿಂಗ್ಟನ್‌ಗೆ ಸಾಗಿಸುವ ಯೋಜನೆ ಹಾಕಿ 1893ರಲ್ಲಿ ಬಿಚ್ಚಿದರು, ಸಾಗಿಸಲಿಲ್ಲ. ಇಟ್ಟಿಗೆ-ಮರ ಮಳೆ ಬಿಸಿಲಿಗೆ ಬಿದ್ದಿದ್ದವು. ಈಗ ಅಲ್ಲಿ ಕಾಣುವುದು 1940ರ ದಶಕದಲ್ಲಿ ಮತ್ತೆ ಕಟ್ಟಿದ ಮನೆ.